ಮೊದಲನೇ ಸ್ಥಾನ ಸಿಕ್ಕ ಮೇಲೂ ಇನ್ನೊಬ್ಬ ಹೋಮ್ ರನ್ ವೀರ ಯಾಕೆ?

ಮಾರ್ಚ್ ತಿಂಗಳು ಬಂತೆಂದರೆ ನನ್ನ ಮೇಲ್ ತುಂಬಾ ಡ್ರಾಫ್ಟ್ ಪಟ್ಟಿಗಳು. ಫ್ಯಾಂಟಸಿ ಬೇಸ್‌ಬಾಲ್ ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ವರ್ಷವಿಡೀ ಅವರ ಅಂಕಿಗಳ ಮೇಲೆ ಸ್ಪರ್ಧಿಸುವ ಆಟ. ಸರದಿಯಂತೆ, ರೌಂಡಿಗೆ ಒಬ್ಬರಂತೆ ಆಟಗಾರರನ್ನು ಆರಿಸುವುದೇ ಡ್ರಾಫ್ಟ್. ಇದನ್ನು ಆಡುವವರಿಗೆ ಆಟಗಾರರ ಅಂದಾಜು ಲೆಕ್ಕ ಮಾಡಿಕೊಡುವುದು, ಯಾವ ರೌಂಡಿನಲ್ಲಿ ಯಾರನ್ನು ತೆಗೆದುಕೊಳ್ಳಬಹುದು ಎಂದು ಹೇಳುವುದು ನನ್ನ ವೃತ್ತಿ. ಅಮೆರಿಕದ ಆಫೀಸ್ ಲೀಗುಗಳಲ್ಲಿ ಆಡುವ ಕನ್ನಡಿಗರೂ ನನ್ನ ಹತ್ತಿರ ಬರುತ್ತಾರೆ. ಓದಿದವರು, ಲೆಕ್ಕದಲ್ಲಿ ಗಟ್ಟಿಗರು. ಆದರೆ ಅವರ ಹಿಟ್ಟರ್‌ಗಳ (ಬ್ಯಾಟ್ ಮಾಡುವವರ) ಪಟ್ಟಿ ತೆರೆದರೆ ವರ್ಷ ವರ್ಷವೂ ಅದೇ ಕಥೆ. ಮೊದಲ ಏಳು ಹೆಸರುಗಳಲ್ಲಿ ಆರು ಜನ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಹಾಗೆ ಬೇಲಿ ದಾಟುವ ಹೊಡೆತ) ಹೊಡೆಯುವವರು. ಕೊನೆಯಲ್ಲಿ ಬೇಸ್ ಕದಿಯುವ, ಅಂದರೆ ಎದುರಾಳಿ ಚೆಂಡು ಎಸೆಯುವಾಗಲೇ ಓಡಿ ಮುಂದಿನ ಬೇಸ್ ಸೇರುವ ಹುಡುಗ ಒಬ್ಬ. ನಡುವೆ ಯಾರೂ ಇಲ್ಲ.

ಇದು ಯಾಕೆ ಹೀಗಾಗುತ್ತದೆ ಎಂದು ನನಗೆ ಅರ್ಥವಾಗುತ್ತದೆ. ಬಹಳ ಜನ ಡ್ರೀಮ್ ಇಲೆವೆನ್ ಆಡಿ ಬಂದವರು. ಅಲ್ಲಿ ರನ್ನಿಗೆ ಇಷ್ಟು, ವಿಕೆಟ್ಟಿಗೆ ಇಷ್ಟು ಅಂತ ಪಾಯಿಂಟ್ ಕೂಡುತ್ತಾ ಹೋಗುತ್ತದೆ. ನಿಮ್ಮ ಕ್ಯಾಪ್ಟನ್ ಸೆಂಚುರಿ ದಾಟಿ ಇನ್ನೂ ಆಡಿದರೆ ಆ ರನ್ನುಗಳೂ ದುಪ್ಪಟ್ಟಾಗಿ ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಎಷ್ಟು ಬಂದರೂ ಲಾಭವೇ. ಇವರು ಆಡುವ ರೋಟಿಸರಿ ಅನ್ನುವ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ರೀತಿ ಬೇರೆ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಈ ಆಟ ಶುರು ಮಾಡಿದಾಗಿನಿಂದಲೂ ಇಲ್ಲಿ ಪಾಯಿಂಟ್ ಸಿಗುವುದು ಸ್ಥಾನಕ್ಕೆ. 12 ತಂಡಗಳಿದ್ದರೆ ಹೋಮ್ ರನ್ನಿನಲ್ಲಿ ಮೊದಲನೆಯವರಿಗೆ 12, ಎರಡನೆಯವರಿಗೆ 11, ಕೊನೆಯವರಿಗೆ 1. ಆರ್‌ಬಿಐ (ತನ್ನ ಬ್ಯಾಟಿಂಗಿನಿಂದ ತಂಡಕ್ಕೆ ಬಂದ ರನ್), ರನ್ (ತಾನೇ ಓಡಿ ಗಳಿಸಿದ್ದು), ಸ್ಟೀಲ್ (ಕದ್ದ ಬೇಸ್), ಬ್ಯಾಟಿಂಗ್ ಆವರೇಜ್ ಎಲ್ಲ ಕ್ಯಾಟಗರಿಗೂ ಹೀಗೇ. ಒಂದು ಹೋಮ್ ರನ್ ಅಂತರದಲ್ಲಿ ಮೊದಲಿಗರಾದರೂ 12, ಎಂಬತ್ತರ ಅಂತರದಲ್ಲಿ ಆದರೂ 12.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಡ್ರಾಫ್ಟ್ ದಿನ ಮರೆತುಬಿಡುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಸೀಸನ್ ಮುಗಿದಾಗ ನಿಮ್ಮ ತಂಡದ ಹೋಮ್ ರನ್ 330, ಎರಡನೇ ತಂಡದ್ದು 291. ನಿಮಗೆ ಬೇಕಿದ್ದದ್ದು 292. ಉಳಿದ 38 ಹೋಮ್ ರನ್ನಿಗೆ ಒಂದು ಪಾಯಿಂಟೂ ಬರಲಿಲ್ಲ. 38 ಅಂದರೆ ಒಬ್ಬ ಒಳ್ಳೆಯ ಸ್ಲಗ್ಗರ್‌ನ (ಹೋಮ್ ರನ್ ವೀರನ) ಇಡೀ ವರ್ಷದ ದುಡಿಮೆ. ಈಗ ಸ್ಟೀಲ್ ನೋಡಿ. ನಿಮ್ಮದು 118. ನಿಮ್ಮ ಮೇಲಿನ ಐದು ತಂಡಗಳದ್ದು 121, 124, 126, 131, 133. ನಿಮ್ಮ ಆರನೇ ಸ್ಲಗ್ಗರ್ 38 ಹೋಮ್ ರನ್ ಹೊಡೆದು 2 ಬೇಸ್ ಕದ್ದವನು ಅಂತಿಟ್ಟುಕೊಳ್ಳಿ. ಅವನ ಬದಲು 22 ಹೋಮ್ ರನ್, 20 ಸ್ಟೀಲ್ ಮಾಡುವ ಯಾರೋ ಸಾಧಾರಣ ಔಟ್‌ಫೀಲ್ಡರ್ ಇದ್ದಿದ್ದರೆ? ಹೋಮ್ ರನ್ 314, ಆಗಲೂ ಮೊದಲನೇ ಸ್ಥಾನ. ಸ್ಟೀಲ್ 136, ಐದು ತಂಡ ಹಿಂದಕ್ಕೆ. ಕಳೆದುಕೊಂಡದ್ದು ಏನೂ ಇಲ್ಲ, ಸಿಕ್ಕಿದ್ದು 5 ಪಾಯಿಂಟ್. ಅದೂ ಅಲ್ಲದೆ ಆ ಔಟ್‌ಫೀಲ್ಡರ್ ಸಾಮಾನ್ಯವಾಗಿ ಎರಡು ಮೂರು ರೌಂಡ್ ತಡವಾಗಿ ಸಿಗುತ್ತಾನೆ.

ದಾವಣಗೆರೆ ಕಡೆಯ ಡಾಕ್ಟರ್ ಒಬ್ಬರಿದ್ದಾರೆ, ತಮ್ಮ ಆಸ್ಪತ್ರೆಯವರ ಲೀಗಿನಲ್ಲಿ ಆಡುತ್ತಾರೆ. ಬೇಸ್‌ಬಾಲ್ ಮೇಲೆ ಅವರಿಗಿರುವ ಪ್ರೀತಿ ದೊಡ್ಡದು. ರಾತ್ರಿ ಡ್ಯೂಟಿ ಮುಗಿಸಿ ಬಂದು ವೆಸ್ಟ್ ಕೋಸ್ಟ್ ಪಂದ್ಯಗಳ ಹೈಲೈಟ್ಸ್ ನೋಡಿಯೇ ಮಲಗುವವರು. ಒಂದು ವರ್ಷ ಹೋಮ್ ರನ್ನಿನಲ್ಲೂ ಆರ್‌ಬಿಐಯಲ್ಲೂ ಯಾರೂ ಹತ್ತಿರ ಬರದಷ್ಟು ಮುಂದಿದ್ದರು. ಒಟ್ಟಾರೆ ಪಟ್ಟಿಯಲ್ಲಿ ಏಳನೆಯವರು. "ಅಲ್ಲ ಮೇಡಂ, ಜಾಸ್ತಿ ಇದ್ದರೆ ನಷ್ಟ ಏನು?" ಎಂದು ಕೇಳಿದರು. ಆ ಜಾಸ್ತಿಗೆ ನೀವು ಒಂದು ರೌಂಡ್ ಕೊಟ್ಟಿದ್ದೀರಲ್ಲ ಡಾಕ್ಟ್ರೇ, ಅದೇ ನಷ್ಟ ಅಂದೆ. ಅವರು ಒಪ್ಪಿದರು. ಮುಂದಿನ ಮಾರ್ಚ್‌ನಲ್ಲಿ ನಾಲ್ಕನೇ ರೌಂಡಿಗೆ ಮತ್ತೆ ಒಬ್ಬ ಸ್ಲಗ್ಗರ್‌ನನ್ನೇ ತೆಗೆದುಕೊಂಡರು. ಹೋಮ್ ರನ್ ನೋಡುವುದರಲ್ಲಿ ಅಷ್ಟು ಸಂತೋಷವಿದೆ, ಏನು ಮಾಡುವುದು! ಅವರ ಮೇಲೆ ನನಗೆ ಕೋಪ ಬರುವುದಿಲ್ಲ. ಆದರೆ ಅವರು ಗೆಲ್ಲಬೇಕು ಅಂತ ನನಗೆ ತುಂಬಾ ಆಸೆ.

ಬ್ಯಾಟಿಂಗ್ ಆವರೇಜ್ ವಿಷಯದಲ್ಲಿ ಇನ್ನೊಂದು ಗೋಜಲು ಇದೆ. ಉಳಿದ ನಾಲ್ಕು ಕ್ಯಾಟಗರಿಗಳು ಕೂಡುವ ಲೆಕ್ಕ. ಇದು ಹಿಟ್‌ಗಳನ್ನು (ಹೊಡೆದು ಬೇಸ್ ಸೇರಿದ್ದು) ಅಟ್-ಬ್ಯಾಟ್‌ಗಳಿಂದ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಭಾಗಿಸುವ ಲೆಕ್ಕ. ಕೈಲ್ ಶ್ವಾರ್ಬರ್ 2023ರಲ್ಲಿ 47 ಹೋಮ್ ರನ್ ಹೊಡೆದರು. ಆವರೇಜ್ 0.197. ಅದೇ ವರ್ಷ ಲೂಯಿಸ್ ಅರೈಜ್ ಆವರೇಜ್ 0.354, ಹೋಮ್ ರನ್ ಬರೀ 10. ಇಬ್ಬರನ್ನೂ ಬೇರೆ ಬೇರೆ ನೋಡಿದರೆ ಇಬ್ಬರಲ್ಲೂ ಕೊರತೆಯೇ ಕಾಣುತ್ತದೆ. ಒಟ್ಟಿಗೆ ನೋಡಿ. ಶ್ವಾರ್ಬರ್ 585 ಅಟ್-ಬ್ಯಾಟ್‌ನಲ್ಲಿ 115 ಹಿಟ್, ಅರೈಜ್ 574ರಲ್ಲಿ 203. ಕೂಡಿದರೆ ಆವರೇಜ್ 0.274, ಹೋಮ್ ರನ್ 57, ರನ್ 179, ಆರ್‌ಬಿಐ 173. ಸ್ಟೀಲ್ ಮಾತ್ರ 3, ಅದನ್ನು ಬೇರೆ ಕಡೆ ಹುಡುಕಬೇಕು. ಕೆಟ್ಟ ಜೋಡಿ ಏನಲ್ಲ, ಅಲ್ವಾ? ನಾನು ಹಿಟ್ಟರ್‌ಗಳನ್ನು ಯಾವತ್ತೂ ಹೀಗೆ ಜೋಡಿಯಾಗಿಯೇ ನೋಡುವುದು. ಒಬ್ಬನನ್ನು ತೆಗೆದುಕೊಂಡ ಕೂಡಲೇ, ಇವನ ಪಕ್ಕದಲ್ಲಿ ಯಾರು ಕೂರಬೇಕು ಅನ್ನುವ ಪ್ರಶ್ನೆ ಏಳಬೇಕು.

ಭಾಗಿಸುವ ಲೆಕ್ಕ ಆದ್ದರಿಂದ ಎಷ್ಟು ಸಲ ಬ್ಯಾಟ್ ಹಿಡಿದರು ಎಂಬುದೂ ಮುಖ್ಯ. 14 ಹಿಟ್ಟರ್‌ಗಳ ತಂಡಕ್ಕೆ ವರ್ಷಕ್ಕೆ 6,800 ಅಟ್-ಬ್ಯಾಟ್ ಅಂತಿಟ್ಟುಕೊಳ್ಳಿ. 0.254ರ ಹಿಟ್ಟರ್ ಇದ್ದ ಜಾಗಕ್ಕೆ ಅರೈಜ್ ಬಂದರೆ ಅಷ್ಟೇ ಅಟ್-ಬ್ಯಾಟ್‌ನಲ್ಲಿ 57 ಹಿಟ್ ಜಾಸ್ತಿ. ಇಡೀ ತಂಡದ ಆವರೇಜ್ 0.008 ಏರುತ್ತದೆ. 0.330 ಹೊಡೆದರೂ 200 ಅಟ್-ಬ್ಯಾಟ್ ಮಾತ್ರ ಸಿಗುವ ಬದಲಿ ಆಟಗಾರ ಬಂದರೆ ಏರುವುದು 0.002. "ಆವರೇಜ್‌ಗೆ ಅಂತ ಒಬ್ಬನನ್ನು ಕೊನೇ ರೌಂಡಿನಲ್ಲಿ ತಗೊಂಡೆ" ಎಂದು ಹೇಳುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇನ್ನು ಸ್ಟೀಲ್. ಇಲ್ಲಿ ಜನ ಹಳೇ ಲೆಕ್ಕದಲ್ಲೇ ಇದ್ದಾರೆ. 2023ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನಿಯಮ ಬದಲಿಸಿತು. ಬೇಸಿನ ಅಗಲ 15 ಇಂಚಿನಿಂದ 18 ಆಯಿತು. ಪಿಚ್ ಕ್ಲಾಕ್ ಬಂತು, ಅಂದರೆ ಚೆಂಡು ಎಸೆಯಲು ಸಮಯದ ಮಿತಿ. ಪಿಚ್ಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಓಟಗಾರನನ್ನು ತಡೆಯಲು ಬೇಸಿಗೆ ಚೆಂಡು ಎಸೆಯುವುದಕ್ಕೂ ಮಿತಿ ಬಿತ್ತು. 2022ರಲ್ಲಿ ಎಲ್ಲಾ ತಂಡಗಳು ಸೇರಿ ಕದ್ದದ್ದು 2,486 ಬೇಸ್. 2023ರಲ್ಲಿ 3,503, 2024ರಲ್ಲಿ 3,617. ಹಿಂದೆ 20 ಸ್ಟೀಲ್ ಅಂದರೆ ದೊಡ್ಡ ಮಾತು. ಈಗ ಹದಿನೈದು ಇಪ್ಪತ್ತು ಕದಿಯುವವರು ಬೇಕಾದಷ್ಟು ಜನ ಸಿಗುತ್ತಾರೆ, ಜೊತೆಗೆ ಹೋಮ್ ರನ್ನೂ ಹೊಡೆಯುತ್ತಾರೆ. ಹಾಗಿರುವಾಗ ಕದಿಯುವುದು ಬಿಟ್ಟು ಬೇರೇನೂ ಕೊಡದ ಆಟಗಾರನಿಗೆ ಒಂದು ಒಳ್ಳೆಯ ರೌಂಡ್ ಸುರಿಯುವುದು ನನಗೆ ಸಹಿಸಲಾಗದ ವಿಷಯ.

ಎಸ್ಟೂರಿ ರೂಯಿಸ್ 2023ರಲ್ಲಿ ಓಕ್ಲೆಂಡ್ ಪರ 67 ಬೇಸ್ ಕದ್ದು ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿಗೇ ಮೊದಲಿಗರಾದರು. ಹೋಮ್ ರನ್ 5. ಮುಂದಿನ ವರ್ಷ ಸೀಸನ್ ಶುರುವಾದ ಸ್ವಲ್ಪ ದಿನಕ್ಕೇ ತಂಡ ಅವರನ್ನು ಕೆಳಹಂತದ ಮೈನರ್ ಲೀಗಿಗೆ ಕಳಿಸಿತು. ನಿಜವಾದ ತಂಡದ ಮ್ಯಾನೇಜರ್‌ಗೆ ನಿಮ್ಮ ಸ್ಟೀಲ್ ಕ್ಯಾಟಗರಿ ಕಟ್ಟಿಕೊಂಡು ಏನಾಗಬೇಕು? ಅವರಿಗೆ ಪಂದ್ಯ ಗೆಲ್ಲಬೇಕು. ಚೆನ್ನಾಗಿ ಬ್ಯಾಟ್ ಮಾಡದವನ ಕೆಲಸ ಎಷ್ಟೇ ವೇಗವಿದ್ದರೂ ಭದ್ರವಲ್ಲ. ನೀವು 67 ಸ್ಟೀಲ್ ನಂಬಿಕೊಂಡು ಉಳಿದವರನ್ನೆಲ್ಲ ನಿಧಾನ ಓಡುವವರನ್ನೇ ಆರಿಸಿದ್ದರೆ ಏಪ್ರಿಲ್‌ನಲ್ಲೇ ಒಂದು ಕ್ಯಾಟಗರಿ ಮುಗಿದ ಹಾಗೆ.

ಎಲ್ಲವನ್ನೂ ಕೊಡುವ ಆಟಗಾರನಿಗೂ ಈ ಎಚ್ಚರಿಕೆ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ರೊನಾಲ್ಡ್ ಅಕುನ್ಯಾ 2023ರಲ್ಲಿ 41 ಹೋಮ್ ರನ್, 73 ಸ್ಟೀಲ್, 0.337 ಆವರೇಜ್ ಮಾಡಿದ್ದರು. 2024ರ ಡ್ರಾಫ್ಟ್‌ಗಳಲ್ಲಿ ಅವರನ್ನು ಮೊದಲು ಆರಿಸಿದವರನ್ನು ತಪ್ಪು ಅನ್ನಲಾಗದು, ನಾನೂ ಅದನ್ನೇ ಹೇಳುತ್ತಿದ್ದೆ. ಮೇ 26ರಂದು ಅವರ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. 49 ಪಂದ್ಯ, 16 ಸ್ಟೀಲ್, ಅಲ್ಲಿಗೆ ವರ್ಷ ಮುಗಿಯಿತು. ಗಾಯವನ್ನು ಯಾರೂ ಮೊದಲೇ ಹೇಳಲಾರರು. ಆದರೆ ಅವರ ಜೊತೆಗೆ ಹದಿನೈದು ಹದಿನೈದು ಕದಿಯುವ ನಾಲ್ಕೈದು ಜನರನ್ನು ಇಟ್ಟುಕೊಂಡಿದ್ದವರು ಸ್ಟೀಲ್‌ನಲ್ಲಿ ನಡುವಿನ ಸ್ಥಾನದಲ್ಲಾದರೂ ಉಳಿದರು. "73 ಇದ್ದಾವಲ್ಲ, ಸಾಕು" ಎಂದು ಸುಮ್ಮನಾದವರು ತಳಕ್ಕೆ ಹೋದರು.

ರನ್ ಮತ್ತು ಆರ್‌ಬಿಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಟಿಂಗ್ ಕ್ರಮಾಂಕ ನೋಡಿ. ಒಂದು ಸ್ಥಾನ ಕೆಳಗಿಳಿದರೆ ವರ್ಷಕ್ಕೆ ಸುಮಾರು 18 ಸಲ ಬ್ಯಾಟಿಂಗ್ ತಪ್ಪುತ್ತದೆ. 0.197 ಹೊಡೆದ ಶ್ವಾರ್ಬರ್ 108 ರನ್ ಗಳಿಸಿದ್ದು ಹೇಗೆ? ಮೊದಲ ಬ್ಯಾಟರ್ ಆಗಿ ಹೆಚ್ಚಾಗಿ ಆಡಿದರು, 126 ಸಲ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಬೇಸ್) ಪಡೆದರು, ಹಿಂದೆ ಒಳ್ಳೆಯ ಬ್ಯಾಟರ್‌ಗಳಿದ್ದರು.

ಕೆಲವು ಮಾತು ಜವಾಬ್ದಾರಿಯಿಂದ ಹೇಳಬೇಕು. ನಾನು ಹೇಳಿದ್ದೆಲ್ಲ ರೋಟಿಸರಿ ಲೀಗಿಗೆ. ಪಾಯಿಂಟ್ಸ್ ಲೀಗಿನಲ್ಲಿ ಡ್ರೀಮ್ ಇಲೆವೆನ್ ಲೆಕ್ಕವೇ ಸರಿ, ಅಲ್ಲಿ ಹೋಮ್ ರನ್ ಪಟ್ಟಿ ಉದ್ದವಿದ್ದರೆ ತಪ್ಪಿಲ್ಲ. ವಾರ ವಾರ ಒಬ್ಬರ ಮೇಲೊಬ್ಬರು ಆಡುವ ಲೀಗಿನಲ್ಲಿ ಒಂದು ಕ್ಯಾಟಗರಿ ಕೈಬಿಡುವುದು ಕೆಲವೊಮ್ಮೆ ಒಳ್ಳೆಯ ಉಪಾಯ. ರೋಟಿಸರಿಯಲ್ಲಿ ಅದನ್ನು ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. 12 ತಂಡದ ಲೀಗಿನಲ್ಲಿ ಹಿಟ್ಟರ್‌ಗಳ ಐದು, ಪಿಚ್ಚರ್‌ಗಳ ಐದು ಸೇರಿ ಹತ್ತೂ ಕ್ಯಾಟಗರಿಯಲ್ಲಿ ಮೂರನೇ ಸ್ಥಾನ ಬಂದರೆ 100 ಪಾಯಿಂಟ್. ಎಷ್ಟೋ ಲೀಗುಗಳಲ್ಲಿ ಅಷ್ಟಕ್ಕೇ ಕಪ್ ಸಿಗುತ್ತದೆ. ಕೆಲವು ಲೀಗುಗಳಲ್ಲಿ ಆವರೇಜ್ ಬದಲು ಆನ್-ಬೇಸ್ ಪರ್ಸೆಂಟೇಜ್ (ವಾಕ್ ಕೂಡ ಸೇರಿಸಿ ಬೇಸ್ ತಲುಪಿದ ಪ್ರಮಾಣ) ಇರುತ್ತದೆ. ಅಲ್ಲಿ 2023ರ ಶ್ವಾರ್ಬರ್ 0.343ರ ಆಟಗಾರ, ಅವರ ಪಕ್ಕಕ್ಕೆ ಅರೈಜ್ ಬೇಕಾಗುವುದೇ ಇಲ್ಲ. ಮೊದಲು ನಿಮ್ಮ ಲೀಗಿನ ನಿಯಮ ಓದಿ.

ಇನ್ನೊಂದು ಕೋರಿಕೆ. ನನಗೆ ಆಟಗಾರರ ಪಟ್ಟಿ ಕಳಿಸುವ ಮೊದಲು ನಿಮ್ಮ ಲೀಗಿನ ಹೋದ ವರ್ಷದ ಕೊನೆಯ ಅಂಕಪಟ್ಟಿ ಕಳಿಸಿ. ಹಿಟ್ಟರ್‌ಗಳ ಪ್ರತಿ ಕ್ಯಾಟಗರಿಯಲ್ಲಿ ಮೂರನೇ ಸ್ಥಾನಕ್ಕೆ ಎಷ್ಟು ಬೇಕಾಯಿತು ಎಂದು ಅದರಲ್ಲಿ ಇರುತ್ತದೆ. ಆ ಐದು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಡ್ರಾಫ್ಟ್ ದಿನ ಎದುರಿಗೆ ಇಟ್ಟುಕೊಳ್ಳಿ. ಒಬ್ಬೊಬ್ಬ ಹಿಟ್ಟರ್ ಬಂದ ಹಾಗೆ ಅವರ ಅಂದಾಜು ಅಂಕಿಗಳನ್ನು ಕೂಡುತ್ತಾ ಹೋಗಿ. ಹೋಮ್ ರನ್ ಗುರಿ ಮುಟ್ಟುತ್ತದೆ ಅನ್ನಿಸಿದ ರೌಂಡಿನಿಂದಾಚೆ ಸ್ಲಗ್ಗರ್‌ಗಳ ಹೆಸರು ಓದುವುದನ್ನೇ ನಿಲ್ಲಿಸಿ. ಡಾಕ್ಟ್ರೇ, ಇದು ನಿಮಗೂ.