ಏಜಾಕ್ಸನ ಡೇರೆಯಲ್ಲಿ ಬೆಳಗಾದಾಗ

ಗ್ರೀಕರು ಯುದ್ಧಕ್ಕೆ ಬಂದಿರುವ ಟ್ರಾಯ್ ನಗರದ ಕಡಲತೀರದಲ್ಲಿ ಒಂದು ಡೇರೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ರಕ್ತ. ಸತ್ತ ದನ, ಕುರಿಗಳ ನಡುವೆ ಗ್ರೀಕ್ ವೀರ ಏಜಾಕ್ಸ್ ಕೂತಿದ್ದಾನೆ. ರಾತ್ರಿಯೆಲ್ಲಾ ಅವನು ತನ್ನ ಶತ್ರುಗಳನ್ನೇ ಕೊಲ್ಲುತ್ತಿದ್ದೇನೆ ಅಂದುಕೊಂಡಿದ್ದ. ಒಂದು ಟಗರನ್ನು ಕಂಬಕ್ಕೆ ಕಟ್ಟಿ, ಅದೇ ತನ್ನ ಪಡೆಯ ಒಡಿಸಿಯಸ್ ಎಂದು ಚಾಟಿಯಿಂದ ಬಾರಿಸಿದ್ದ. ಈಗ ಕವಿದ ಮಂಕು ಇಳಿದಿದೆ. ತಾನು ಮಾಡಿದ್ದೇನು ಅಂತ ಕಣ್ಣಿಗೆ ಕಾಣುತ್ತಿದೆ. ಅವನು ಹೀಗೆ ಅತ್ತಿದ್ದನ್ನು ತಾನು ಹಿಂದೆಂದೂ ಕೇಳಿರಲಿಲ್ಲ ಎನ್ನುತ್ತಾಳೆ ಅವನ ಜೊತೆ ಬಾಳುತ್ತಿರುವ ಟೆಕ್ಮೆಸ್ಸಾ.

ಗ್ರೀಕ್ ನಾಟಕಕಾರ ಸೋಫೋಕ್ಲಿಸ್ ಕ್ರಿ.ಪೂ. 5ನೇ ಶತಮಾನದಲ್ಲಿ ಬರೆದ 'ಏಜಾಕ್ಸ್' ನಾಟಕವಿದು. ಅಕಿಲೀಸನನ್ನು ಬಿಟ್ಟರೆ ಗ್ರೀಕರ ಪಡೆಯಲ್ಲಿ ಏಜಾಕ್ಸನೇ ದೊಡ್ಡ ವೀರ. ಏಳು ಪದರ ಎತ್ತಿನ ಚರ್ಮದ ಗುರಾಣಿ ಅವನದು. ಅಕಿಲೀಸ್ ಸತ್ತ ಮೇಲೆ ಅವನ ಆಯುಧ, ಕವಚಗಳು ನ್ಯಾಯವಾಗಿ ತನಗೇ ಸಿಗಬೇಕು ಅಂದುಕೊಂಡಿದ್ದ. ಅವು ಮಾತುಗಾರ ಒಡಿಸಿಯಸನ ಪಾಲಾದವು. ಆ ಅವಮಾನಕ್ಕೆ ತನ್ನದೇ ಸೇನಾಪತಿಗಳನ್ನು ಮುಗಿಸಿಬಿಡಲು ಹೊರಟ. ಅಥೀನಾ ದೇವತೆ ಬುದ್ಧಿಗೆ ಮಂಕು ಕವಿಸಿ ದನಗಳ ಕಡೆ ತಿರುಗಿಸಿದಳು. ಕೊನೆಗೆ ನಾಚಿಕೆ ತಾಳಲಾರದೆ ಅವನು ಒಬ್ಬನೇ ಸಮುದ್ರದ ಕಡೆ ಹೋಗಿ ಪ್ರಾಣ ಬಿಡುತ್ತಾನೆ.

ಸೋಫೋಕ್ಲಿಸ್ ಸುಮ್ನೆ ಮನೆಯಲ್ಲಿ ಕೂತು ಕಲ್ಪಿಸಿದ ಕವಿಯಲ್ಲ. ಕ್ರಿ.ಪೂ. 440ರ ಸುಮಾರಿಗೆ ಸಾಮೋಸ್ ದ್ವೀಪದ ಯುದ್ಧದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ಜೊತೆ ಅವನೂ ಒಬ್ಬ ಸೇನಾಪತಿ. ನಾಟಕ ನೋಡುತ್ತಿದ್ದವರಲ್ಲೂ ಯುದ್ಧ ಕಂಡವರೇ ಜಾಸ್ತಿ. ಅಥೆನ್ಸಿನಲ್ಲಿ ನಾಟಕಗಳನ್ನು ಆಡುತ್ತಿದ್ದ ಹಬ್ಬದಲ್ಲಿ, ನಾಟಕಗಳಿಗೆ ಮೊದಲು, ಯುದ್ಧದಲ್ಲಿ ಸತ್ತವರ ಮಕ್ಕಳನ್ನು ಕವಚ ತೊಡಿಸಿ ರಂಗಕ್ಕೆ ಕರೆತರುತ್ತಿದ್ದರು. ಅಂಥ ಜನರ ಮುಂದೆ ಒಬ್ಬ ವೀರ ಹೀಗೆ ಮುರಿದುಬಿದ್ದರೆ ಹೇಗಿರಬೇಡ!

ಈ ನಾಟಕ ಕನ್ನಡಕ್ಕೂ ಬಂತು. 1929ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇದನ್ನು 'ಅಶ್ವತ್ಥಾಮನ್' ಮಾಡಿದರು. ಮಹಾಭಾರತದಲ್ಲೂ ಒಂದು ರಾತ್ರಿಯಿದೆ, ಪಾಳೆಯದಲ್ಲಿ ಮಲಗಿದ್ದವರ ಕೊಲೆಯಿದೆ. ಎರಡು ಕಥೆಗಳು ಅಲ್ಲಿ ಒಂದಕ್ಕೊಂದು ಕೂಡಿಕೊಂಡವು. ಆದರೆ ಶ್ರೀ ಅವರ ಅಶ್ವತ್ಥಾಮ ಏಜಾಕ್ಸನಂತೆಯೇ ತನ್ನ ಕೈಯಾರೆ ಸಾಯುತ್ತಾನೆ. ಚಿರಂಜೀವಿಯನ್ನು ಸಾಯಿಸುವುದೇ ಅಂತ ತಕರಾರು ಎದ್ದಿತು. ನನಗಂತೂ ಆ ಧೈರ್ಯ ಇಷ್ಟ. ಮಾಡಿದ್ದನ್ನು ಹೊತ್ತುಕೊಂಡು ಬದುಕುವುದು ಎಷ್ಟು ಕಷ್ಟ ಅನ್ನುವುದು ಅಲ್ಲಿ ನೇರವಾಗಿ ತಟ್ಟುತ್ತದೆ.

ಯುದ್ಧ ಮನಸ್ಸಿಗೆ ಕೊಡುವ ಈ ನೋವಿಗೆ ವೈದ್ಯರು ಹೆಸರು ಹುಡುಕಲು ಬಹಳ ಕಾಲ ತೆಗೆದುಕೊಂಡರು. ಮೊದಲ ಮಹಾಯುದ್ಧದ ಹೊತ್ತಿಗೆ ಅದು 'ಶೆಲ್ ಶಾಕ್'. ಎಷ್ಟೋ ಸೈನಿಕರನ್ನು ಹೇಡಿಗಳೆಂದೇ ಜರೆದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ನಂತರ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನೋವ್ಯಾಧಿ) ಎಂಬ ಹೆಸರು ಸೇರಿತು. ಬಾಸ್ಟನ್‌ನಲ್ಲಿ ವಿಯೆಟ್ನಾಂನಿಂದ ಮರಳಿದವರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ, ರೋಗಿಗಳ ಮಾತಿನಲ್ಲಿ ಗ್ರೀಕ್ ಮಹಾಕವಿ ಹೋಮರನ ಅಕಿಲೀಸನನ್ನೇ ಕೇಳಿದರು. ಮೇಲಿನವರೇ ಮೋಸ ಮಾಡಿದರು ಅನ್ನುವ ಸಿಟ್ಟು, ಜೊತೆಗಾರ ಸತ್ತ ದುಃಖ, ಆಮೇಲೆ ತಡೆಯಿಲ್ಲದ ಕೊಲೆ. 1994ರಲ್ಲಿ ಅದನ್ನೇ ಪುಸ್ತಕವಾಗಿ ಬರೆದರು.

2008ರಲ್ಲಿ ಬ್ರಯನ್ ಡೋರೀಸ್ ಎಂಬ ರಂಗನಿರ್ದೇಶಕ ಏಜಾಕ್ಸನನ್ನು ಮತ್ತೆ ಸೈನಿಕರ ಮುಂದೆಯೇ ತಂದರು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಮರೀನ್ ಪಡೆಯ ಸೈನಿಕರು, ಅವರ ಹೆಂಡತಿಯರು ಸೇರಿದ್ದರು. ವೇಷವಿಲ್ಲ, ಪರದೆಯಿಲ್ಲ. ನಟರು ಮೇಜಿನ ಮುಂದೆ ಕೂತು ನಾಟಕ ಓದಿದರು. ನಂತರದ ಮಾತುಕತೆ ಮುಕ್ಕಾಲು ಗಂಟೆಗೆ ಮುಗಿಯಬೇಕಿತ್ತು. ಮೂರು ಗಂಟೆ ದಾಟಿತು.

ಮೊದಲು ಮಾತಾಡಿದವರು ಒಬ್ಬ ಸೈನಿಕನ ಹೆಂಡತಿ. ಗಂಡ ನಾಲ್ಕು ಸಲ ಯುದ್ಧಕ್ಕೆ ಹೋಗಿದ್ದ. ಪ್ರತಿ ಸಲವೂ ಏಜಾಕ್ಸನಂತೆ, ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಗೆ ಎಳೆದುಕೊಂಡೇ ಬಂದ ಎಂದರು. ನಮ್ಮ ಮನೆ ಕಸಾಯಿಖಾನೆಯಾಗಿದೆ ಎಂಬ ನಾಟಕದ ಮಾತನ್ನೇ ತಮ್ಮ ಮಾತಾಗಿ ಹೇಳಿದರು.

ಏಜಾಕ್ಸ್ ಹೊರಡುವ ಮೊದಲು ಟೆಕ್ಮೆಸ್ಸಾ ಅವನನ್ನು ಪರಿಪರಿಯಾಗಿ ಬೇಡಿಕೊಳ್ಳುತ್ತಾಳೆ. ಅವಳು ಯುದ್ಧದಲ್ಲಿ ಸೆರೆ ಸಿಕ್ಕವಳು, ಅವಳ ಊರನ್ನು ಹಾಳು ಮಾಡಿದವನೂ ಅವನೇ. ಮಗು ಚಿಕ್ಕದು. ಅವನು ಸುಮ್ಮನಿರು ಅನ್ನುತ್ತಾನೆ. ಕೊನೆಗೆ ಹೆಣವನ್ನು ಮೊದಲು ಕಂಡು, ಯಾರ ಕಣ್ಣಿಗೂ ಬೀಳದಂತೆ ಬಟ್ಟೆ ಹೊದಿಸುವವಳೂ ಅವಳೇ.