ಸಾರ್, ಇದು ಎಷ್ಟು ಮೀಟರ್ ಹಿಡಿಯುತ್ತೆ?

ಫ್ಯಾಕ್ಟರಿ ಗೇಟುಗಳಿಗೆ ವಾಹನ ಪತ್ತೆ ಮಾಡುವ ಮ್ಯಾಗ್ನೆಟಿಕ್ ಸೆನ್ಸರ್ ಹಾಕಿಕೊಡುವುದು ನನ್ನ ಕೆಲಸ. ವಸಂತನರಸಾಪುರದ ಮಾಲೀಕರಿರಲಿ, ಚಿಕ್ಕಬಳ್ಳಾಪುರದ ಕ್ರಷರ್‌ನವರಿರಲಿ, ಮೊದಲು ಕೇಳುವುದು ಇದನ್ನೇ. ನೂರು ಮೀಟರ್ ಅಂದರೆ ಖುಷಿ. ಐದು ಅಂದರೆ ಮುಖ ಸಪ್ಪೆ. ಈಚೆಗೆ ಇನ್ನೊಂದು ಸೇರಿಕೊಂಡಿದೆ: "ಮಿಲಿಟರಿಯವರದ್ದು ನ್ಯಾನೋ ಸೆನ್ಸರ್ ಅಂತೆ, ಅದನ್ನೇ ಹಾಕಿ. ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ."

ದುಡ್ಡು ಉಳಿಸಿಕೊಳ್ಳಿ ಸ್ವಾಮಿ.

ಈ ಸೆನ್ಸರ್ ಲಾರಿಯನ್ನು ನೋಡುವುದೇ ಇಲ್ಲ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಲಾರಿಯ ಕಬ್ಬಿಣ ಅದನ್ನು ಒಂಚೂರು ಕದಡುತ್ತದೆ. ಆ ಏರುಪೇರನ್ನು ಇದು ಅಳೆಯುತ್ತದೆ, ಅಷ್ಟೇ. ದೂರ ಎರಡು ಪಟ್ಟಾದರೆ ಏರುಪೇರು ಅರ್ಧಕ್ಕಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೊಂದು ತಲೆಗೆ ಹೋದರೆ ನನಗೆ ಬರುವ ಅರ್ಧ ಫೋನು ನಿಲ್ಲುತ್ತವೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. 3 ಮೀಟರಿನಲ್ಲಿ ಲಾರಿ 8 ಮೈಕ್ರೋಟೆಸ್ಲಾ ಕದಡಿತು ಅಂದುಕೊಳ್ಳಿ. 6 ಮೀಟರಿಗೆ ಹೋದರೆ ಉಳಿಯುವುದು 1. 12 ಮೀಟರಿಗೆ 0.125. 24 ಮೀಟರಿಗೆ 0.016 ಕೂಡ ಇಲ್ಲ. ಇದನ್ನೇ ತಿರುಗಿಸಿ ನೋಡಿ. ಎಂಟು ಪಟ್ಟು ಸೂಕ್ಷ್ಮವಾದ ಸೆನ್ಸರ್ ತಂದರೂ ದೂರ ಸಿಗುವುದು ಎರಡು ಪಟ್ಟು. ಹತ್ತು ಪಟ್ಟು ದೂರ ಬೇಕಾದರೆ ಸಾವಿರ ಪಟ್ಟು ಸೂಕ್ಷ್ಮ ಬೇಕು! ಲಾರಿ ತೀರಾ ಪಕ್ಕದಲ್ಲಿದ್ದರೆ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ನಿಜ. ದೂರ ಹೋದಷ್ಟೂ ಇದೇ ಗತಿ.

ನ್ಯಾನೋ ಅನ್ನುವುದು ಸುಳ್ಳೇನಲ್ಲ. 1988ರಲ್ಲಿ ವಿಜ್ಞಾನಿಗಳಾದ ಫರ್ಟ್ ಮತ್ತು ಗ್ರುನ್‌ಬರ್ಗ್ ಒಂದು ವಿದ್ಯಮಾನ ಕಂಡುಕೊಂಡರು: ತೀರಾ ತೆಳುವಾದ ಕಾಂತೀಯ ಪದರಗಳ ರೆಸಿಸ್ಟೆನ್ಸ್ (ವಿದ್ಯುತ್ ಹರಿವಿಗಿರುವ ತಡೆ) ಕಾಂತಕ್ಷೇತ್ರಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ. ಅದಕ್ಕೆ 2007ರಲ್ಲಿ ನೊಬೆಲ್ ಬಂತು. 1995ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಗದೀಶ್ ಮೂಡೇರ ಅವರ ತಂಡ ಇನ್ನೊಂದು ಬಗೆಯನ್ನು ಮಾಮೂಲಿ ಉಷ್ಣತೆಯಲ್ಲೇ ಮಾಡಿ ತೋರಿಸಿತು. ಎರಡು ಕಾಂತೀಯ ಪದರ, ನಡುವೆ ಒಂದೆರಡು ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ದಪ್ಪದ ವಿದ್ಯುತ್ ನಿರೋಧಕ ಪೊರೆ. ಕಾಂತಕ್ಷೇತ್ರ ಬದಲಾದರೆ ರೆಸಿಸ್ಟೆನ್ಸ್ ಬದಲಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಓದುವ ತುದಿ ಇಂಥದ್ದೇ. ಚಿಪ್ ಚಿಕ್ಕದಾಯಿತು, ಬ್ಯಾಟರಿ ಹೆಚ್ಚು ದಿನ ಬಂತು. ಎಂಟರ ಲೆಕ್ಕ ಮಾತ್ರ ಹಾಗೇ ಇದೆ.

ಹಾಗಾದರೆ ಮಿಲಿಟರಿಯವರಿಗೆ ಇದರ ಮೇಲೆ ಯಾಕಿಷ್ಟು ಆಸೆ? ಮಣ್ಣಲ್ಲಿ ಹೂತರೂ ಕೆಲಸ ಮಾಡುತ್ತದೆ. ಪತ್ತೆಗಾಗಿ ತಾನೇ ಯಾವ ಕಿರಣವನ್ನೂ ಬಿಡುವುದಿಲ್ಲ, ಹಾಗಾಗಿ ಶತ್ರುವಿಗೆ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಬೆಳಕಿನ ಸೆನ್ಸರ್ ದೂರ ನೋಡುತ್ತದೆ, ಆದರೆ ಕ್ರಷರ್ ಧೂಳಿಗೂ ನಂದಿ ಬೆಟ್ಟದ ಮಂಜಿಗೂ ಮಂಕಾಗುತ್ತದೆ. ಅದಕ್ಕೇ ಅವರು ಒಂದನ್ನೇ ನಂಬಿ ಕೂರುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಉತ್ತರ ವಿಯೆಟ್ನಾಂನವರು ಸರಕು ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿಯ ಲಾರಿಗಳನ್ನು ಪತ್ತೆ ಮಾಡಲು ಅಮೆರಿಕದವರು ವಿಮಾನದಿಂದ ಉದುರಿಸಿದ್ದು ಹೆಚ್ಚಾಗಿ ಸದ್ದು ಮತ್ತು ನೆಲದ ಕಂಪನ ಹಿಡಿಯುವ ಸೆನ್ಸರುಗಳನ್ನು.

ನಮ್ಮಲ್ಲಿ ಒಬ್ಬರು ದುಬಾರಿ ಸೆನ್ಸರ್ ತರಿಸಿ, ಕಬ್ಬಿಣದ ಜಾರುಗೇಟಿನ ಕಂಬಕ್ಕೇ ಬಿಗಿಸಿದ್ದರು. ಗೇಟು ಸರಿದಾಗಲೆಲ್ಲ ಒಂದು ಲಾರಿ ಲೆಕ್ಕಕ್ಕೆ ಸೇರುತ್ತಿತ್ತು. "ಸಾರ್, ಗಾಳಿ ಬಂದ್ರೂ ಲಾರಿ ಬರ್ತದೆ" ಅಂದ ಸೆಕ್ಯುರಿಟಿಯವನೊಬ್ಬನಿಗೇ ವಿಷಯ ಅರ್ಥವಾಗಿದ್ದು. ಸೂಕ್ಷ್ಮ ಜಾಸ್ತಿಯಾದಷ್ಟೂ ಗೇಟು, ಶಟರ್, ಪಕ್ಕದ ಫೋರ್ಕ್‌ಲಿಫ್ಟ್ ಎಲ್ಲವೂ ಸಿಗ್ನಲ್ಲೇ ಅಲ್ವಾ?

ನನಗೆ ಫೋನ್ ಮಾಡುವ ಮೊದಲು ದಾರಿಯ ಅಗಲ ಅಳೆದಿಡಿ. ಬರುವುದು ಟಿಪ್ಪರೋ ಬೈಕೋ, ಸುತ್ತ ಅಲುಗಾಡುವ ಕಬ್ಬಿಣ ಏನಿದೆ, ಅದನ್ನೂ ಬರೆದುಕೊಳ್ಳಿ. ಎಷ್ಟೋ ಕಡೆ ದಾರಿ ಮಧ್ಯೆ ಹೂತಿಟ್ಟ ಸಾಧಾರಣ ಸೆನ್ಸರೇ ಸಾಕಾಗುತ್ತದೆ.