ಎರಡು ಕಿಲೋಬೈಟಿನಲ್ಲಿ ಅಡಿಕೆ ಪೇಟೆ ಹಿಡಿಸೀತೇ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವನು. ಊರೂರು ಸುತ್ತಿ ಅಡಿಕೆ, ಕರಿಮೆಣಸು ಕೊಂಡು ಮಾರುವ ಒಂದು ವ್ಯಾಪಾರದ ಆಟವನ್ನು ಹಳೆಯ ಟಿ.ವಿ. ಗೇಮಿನ ಯಂತ್ರಕ್ಕಾಗಿ ನಾನೇ ಬರೆಯಬೇಕೆಂದಿದ್ದೇನೆ. ಆದರೆ ಆ ಯಂತ್ರದ ಮೆಮೊರಿ ಬರೀ 2 ಕಿಲೋಬೈಟ್ ಎಂದು ಓದಿದ ಮೇಲೆ ಧೈರ್ಯ ಸಾಲುತ್ತಿಲ್ಲ. ಏರುವ ಇಳಿಯುವ ಬೆಲೆಗಳಿರುವ ಒಂದು ಇಡೀ ಮಾರುಕಟ್ಟೆ ಅಷ್ಟರಲ್ಲಿ ಹಿಡಿಸುವುದು ಹೇಗೆ?

ಉತ್ತರ: ಇಂತಹ ಆಟ ಬರೆಯಲು ಹೊರಟವರೆಲ್ಲರೂ ಮೊದಲು ಕೇಳುವ ಪ್ರಶ್ನೆಯಿದು, ನಾನೂ ಇಲ್ಲಿಂದಲೇ ಆರಂಭಿಸಿದ್ದೆ. ಮಾರುಕಟ್ಟೆ ಖಂಡಿತ ಹಿಡಿಸುತ್ತದೆ. ಬೆಲೆಗಳನ್ನು ಮೆಮೊರಿಯಲ್ಲಿ ಕೂಡಿಡುವ ಯೋಚನೆಯನ್ನು ಬಿಟ್ಟು, ಬೇಕಾದ ಗಳಿಗೆಯಲ್ಲಿ ಲೆಕ್ಕ ಹಾಕಿ ತೆಗೆಯುವ ದಾರಿ ಹಿಡಿದರೆ ಜಾಗ ಮಿಕ್ಕಿಯೇ ಉಳಿಯುತ್ತದೆ.

ನೀವು ಹೇಳುವ ಯಂತ್ರ ನಿಂಟೆಂಡೊ ಕಂಪೆನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಗಳಲ್ಲಿ ನಮ್ಮ ಕಾಸರಗೋಡಿನ ಮನೆಗಳಿಗೆ ಬಂದ, ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡುವ ಪೆಟ್ಟಿಗೆಗಳು ಹೆಚ್ಚಾಗಿ ಅದರ ನಕಲುಗಳು. ಅದರೊಳಗೆ ಕೆಲಸಕ್ಕೆ ಸಿಗುವ ಮೆಮೊರಿ 2048 ಬೈಟು, ಅಂದರೆ ನೀವು ಓದಿದ 2 ಕಿಲೋಬೈಟು; ಒಂದು ಬೈಟು ಎಂದರೆ ಒಂದು ಚಿಕ್ಕ ಸಂಖ್ಯೆ ಹಿಡಿಸುವಷ್ಟು ಜಾಗ. ಅದರಲ್ಲಿ ಮೊದಲ 256 ಬೈಟು ಬೇಗ ಬೇಗ ಬೇಕಾಗುವ ಸಂಖ್ಯೆಗಳಿಗೆ, ಮುಂದಿನ 256 ಪ್ರೊಸೆಸರಿನ ಸ್ವಂತ ಉಪಯೋಗಕ್ಕೆ, ಇನ್ನೊಂದು 256 ಪರದೆಯ ಮೇಲೆ ಚಲಿಸುವ ಚಿತ್ರಗಳಿಗೆ ಎಂದು ವಾಡಿಕೆಯಂತೆ ತೆಗೆದಿಟ್ಟರೂ 1280 ಬೈಟು ನಿಮ್ಮ ಕೈಯಲ್ಲಿರುತ್ತದೆ. ಇದರ ಹೊರತಾಗಿ ಕ್ಯಾಸೆಟ್ಟಿನ ಒಳಗೇ, ಅತ್ಯಂತ ಸರಳವಾದ ನಮೂನೆಯಲ್ಲಿಯೂ, 32 ಕಿಲೋಬೈಟು ಪ್ರೋಗ್ರಾಮಿಗೂ 8 ಕಿಲೋಬೈಟು ಚಿತ್ರಗಳಿಗೂ ಇರುತ್ತದೆ. ಬದಲಾಗದೆ ಇರುವುದೆಲ್ಲ ಕ್ಯಾಸೆಟ್ಟಿಗೆ, ಬದಲಾಗುವುದು ಮಾತ್ರ ಮೆಮೊರಿಗೆ ಎಂಬ ವಿಂಗಡಣೆಯನ್ನು ಕಾಗದದ ಮೇಲೆ ಮೊದಲೇ ಮಾಡಿಕೊಳ್ಳಬೇಕು.

ಲೆಕ್ಕ ಹಾಕುವ ಈ ಉಪಾಯ ಹೊಸದೇನಲ್ಲ. ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ಬರೆದ ‘ಎಲೀಟ್’ ಆಟದಲ್ಲಿ 8 ತಾರಾಮಂಡಲಗಳೂ ಒಂದೊಂದರಲ್ಲಿ 256 ಲೋಕಗಳೂ ಇದ್ದವು. ಅವುಗಳಲ್ಲಿ ಒಂದರ ಬೆಲೆಪಟ್ಟಿಯನ್ನೂ ಬರೆದಿಟ್ಟಿರಲಿಲ್ಲ. ಒಂದು ಬೀಜಸಂಖ್ಯೆಯಿಂದ, ಅಂದರೆ ಲೆಕ್ಕ ಶುರುಮಾಡಲು ಕೊಡುವ ಮೂಲಸಂಖ್ಯೆಯಿಂದ, ಆ ಲೋಕ ಕೃಷಿಯದ್ದೋ ಕೈಗಾರಿಕೆಯದ್ದೋ ಎಂದು ತಿಳಿಯುತ್ತಿತ್ತು, ಅದರಿಂದ ಸರಕಿನ ಬೆಲೆ ಹುಟ್ಟುತ್ತಿತ್ತು. 1991ರಲ್ಲಿ ಅದೇ ಆಟ ನಿಂಟೆಂಡೊ ಯಂತ್ರಕ್ಕೂ ಬಂತು.

ಈಗ ನಮ್ಮ ಪೇಟೆಗೆ ಬರೋಣ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡು, ಪುತ್ತೂರು, ಮಂಗಳೂರು ಎಂದು 8 ಊರುಗಳನ್ನೂ, ಅಡಿಕೆ, ಕರಿಮೆಣಸು, ಕೊಬ್ಬರಿ, ಗೇರುಬೀಜ, ಅಕ್ಕಿ, ಬೆಲ್ಲ ಎಂದು 6 ಸರಕುಗಳನ್ನೂ ಇಟ್ಟುಕೊಂಡರೆ ಒಟ್ಟು 48 ಬೆಲೆಗಳಾದವು. ವರ್ಷದ ಪ್ರತಿದಿನದ ಬೆಲೆಯನ್ನು ಒಂದೊಂದು ಬೈಟಿನಲ್ಲಿ ಬರೆದಿಡಲು ಹೋದರೆ 17,520 ಬೈಟು ಬೇಕು. ಅದು ಆಗದ ಮಾತು. ಬದಲಿಗೆ ಬೆಲೆಯನ್ನು ಬಿಡಿಸಿ ನೋಡಿ. ಸರಕಿನ ಮೂಲಬೆಲೆ ಬದಲಾಗುವುದಿಲ್ಲ. ಬೆಳೆಯುವ ಊರಿನಲ್ಲಿ ತುಸು ಕಡಿಮೆ, ಪೇಟೆಯಲ್ಲಿ ತುಸು ಹೆಚ್ಚು ಎಂಬುದೂ ಬದಲಾಗುವುದಿಲ್ಲ. ಯಾವ ತಿಂಗಳಲ್ಲಿ ಏರುತ್ತದೆ, ಯಾವುದರಲ್ಲಿ ಇಳಿಯುತ್ತದೆ ಎಂಬ ಹಂಗಾಮಿನ ಪಟ್ಟಿ 6 ಸರಕು, 12 ತಿಂಗಳಿಗೆ 72 ಬೈಟು. ಇವೆಲ್ಲವೂ ಕ್ಯಾಸೆಟ್ಟಿನಲ್ಲಿರಲಿ. ಮೆಮೊರಿಯಲ್ಲಿ ಇರಬೇಕಾದದ್ದು ಒಂದೇ: ಆಟಗಾರನು ಆ ಊರಿನಲ್ಲಿ ಆ ಸರಕನ್ನು ಎಷ್ಟು ಎತ್ತಿದ್ದಾನೆ ಅಥವಾ ಎಷ್ಟು ಸುರಿದಿದ್ದಾನೆ ಎಂಬ ಒತ್ತಡ. ಊರು, ಸರಕಿನ ಒಂದೊಂದು ಜೋಡಿಗೆ ಒಂದು ಬೈಟಿನಂತೆ ಅದು 48 ಬೈಟು, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಆಟದ ನಾಣ್ಯದಲ್ಲಿ ಅಡಿಕೆಯ ಮೂಲಬೆಲೆ 120 ಇರಲಿ. ಬದಿಯಡ್ಕ ಬೆಳೆಯುವ ಊರಾದ್ದರಿಂದ 6 ಕಳೆಯಿರಿ, ಜನವರಿಯಲ್ಲಿ ಕೊಯ್ಲು ನಡೆಯುತ್ತಿರುವುದರಿಂದ 10 ಕಳೆಯಿರಿ, ನಿನ್ನೆ ಆಟಗಾರ ಅಲ್ಲಿಂದ ಗೋಣಿಗಟ್ಟಲೆ ಎತ್ತಿಕೊಂಡು ಹೋದದ್ದಕ್ಕಾಗಿ 12 ಸೇರಿಸಿ, ಆ ದಿನದ ಚಿಕ್ಕ ಏರುಪೇರಿಗೆ 2 ಸೇರಿಸಿ. ಬೆಲೆ 118 ಆಯಿತು. ಒತ್ತಡವು ದಿನದಿಂದ ದಿನಕ್ಕೆ ತಾನಾಗಿ ಇಳಿಯಬೇಕಷ್ಟೆ. ಪ್ರತಿರಾತ್ರಿ ಅದರ ಎಂಟನೇ ಒಂದು ಭಾಗ ಕಳೆದರೆ ಸಾಕು. ಈ ಪ್ರೊಸೆಸರಿಗೆ ಗುಣಾಕಾರವಾಗಲಿ ಭಾಗಾಕಾರವಾಗಲಿ ನೇರವಾಗಿ ಬರುವುದಿಲ್ಲವಾದರೂ, ಸೊನ್ನೆ, ಒಂದುಗಳಲ್ಲಿ ಬರೆದ ಸಂಖ್ಯೆಯನ್ನು ಒಂದು ಸಲ ಬಲಕ್ಕೆ ಸರಿಸಿದರೆ ಅದು ಅರ್ಧವಾಗುತ್ತದೆ, ಮೂರು ಸಲ ಸರಿಸಿದರೆ ಎಂಟರಿಂದ ಭಾಗಿಸಿದಂತೆಯೇ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಒತ್ತಡ 12ರಿಂದ ದಿನಕ್ಕೊಂದರಂತೆ ಇಳಿದು 7ಕ್ಕೆ ಬಂದಾಗ ಅದರ ಎಂಟನೇ ಭಾಗ ಸೊನ್ನೆಯಾಗುತ್ತದೆ. ಆಮೇಲೆ ಬೆಲೆ ಎಂದೆಂದಿಗೂ ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ಆದ್ದರಿಂದ ಒತ್ತಡ ಸೊನ್ನೆಯಾಗುವವರೆಗೆ ಕಡಿಮೆಯೆಂದರೂ 1 ಕಳೆಯಿರಿ ಎಂಬ ನಿಯಮ ಸೇರಿಸಬೇಕು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಒಂದು ಬೈಟು 255ರವರೆಗೆ ಮಾತ್ರ ಎಣಿಸುತ್ತದೆ. ಕರಿಮೆಣಸಿನ ಮೂಲಬೆಲೆ 200 ಇದ್ದು, ಹಂಗಾಮಿನಿಂದ 28, ಒತ್ತಡದಿಂದ 30 ಸೇರಿದರೆ 258 ಆಗಬೇಕಾದದ್ದು ಸುತ್ತು ಹೊಡೆದು 2 ಆಗಿಬಿಡುತ್ತದೆ. ಪೇಟೆಯಲ್ಲಿ ಮೆಣಸು ಅತ್ಯಂತ ದುಬಾರಿಯಾಗಬೇಕಾದ ದಿನವೇ ಪುಕ್ಕಟೆಗೆ ಸಿಕ್ಕಂತಾಯಿತು! ಪ್ರತಿ ಕೂಡಿಕೆಯ ನಂತರವೂ ಮಿತಿ ಮೀರಿತೇ ಎಂದು ನೋಡಿ 255ಕ್ಕೆ ತಡೆಯಬೇಕು.

ದಿನದ ಏರುಪೇರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಮಾರುಕಟ್ಟೆಯ ಪರದೆ ತೆರೆದಾಗಲೆಲ್ಲ ಹೊಸ ಯಾದೃಚ್ಛಿಕ ಸಂಖ್ಯೆ ತೆಗೆಯುವಂತೆ ಬರೆದಿದ್ದೆ. ಆಡಿ ನೋಡಲು ಕೊಟ್ಟಾಗ ಅಕ್ಕನ ಮಗ ಅರ್ಧ ಗಂಟೆಯೊಳಗೆ ಅದನ್ನು ಕಂಡುಹಿಡಿದ. ಬೆಲೆ ಹಿಡಿಸದಿದ್ದರೆ ಪರದೆ ಮುಚ್ಚುವುದು, ಮತ್ತೆ ತೆರೆಯುವುದು; ಅಗ್ಗವಾಗುವ ತನಕ ಇಷ್ಟೇ ಕೆಲಸ. ಊರು ಬಿಟ್ಟು ಹೊರಡುವ ಅಗತ್ಯವೇ ಅವನಿಗೆ ಬೀಳಲಿಲ್ಲ, ವ್ಯಾಪಾರದ ಆಟ ಗುಂಡಿ ಒತ್ತುವ ಆಟವಾಯಿತು. ಆಮೇಲೆ ದಿನದ ಸಂಖ್ಯೆ, ಊರಿನ ಸಂಖ್ಯೆ, ಸರಕಿನ ಸಂಖ್ಯೆ ಮತ್ತು ಆಟದ ಬೀಜಸಂಖ್ಯೆ ಈ ನಾಲ್ಕನ್ನು ಕಲಸಿ ಏರುಪೇರನ್ನು ತೆಗೆಯುವಂತೆ ಬದಲಾಯಿಸಿದೆ. ಒಂದೇ ದಿನ ಎಷ್ಟು ಸಲ ನೋಡಿದರೂ ಒಂದೇ ಬೆಲೆ. ಬೀಜಸಂಖ್ಯೆಗಾಗಿ, ಯಂತ್ರ ಚಾಲೂ ಆದಂದಿನಿಂದ ಆಟಗಾರ ಸ್ಟಾರ್ಟ್ ಗುಂಡಿ ಒತ್ತುವವರೆಗೆ ಪರದೆ ಎಷ್ಟು ಸಲ ಹೊಸದಾಯಿತು ಎಂದು ಎಣಿಸುತ್ತೇನೆ. ಎರಡು ಆಟಗಳಲ್ಲಿ ಅದು ಒಂದೇ ಬರುವುದು ಅಪರೂಪ.

ಏರುಪೇರು ಚಿಕ್ಕದಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಬೆಲೆಗೆ ಕಾರಣವಿದ್ದು, ಆ ಕಾರಣವನ್ನು ಆಟಗಾರ ಊಹಿಸಲು ಸಾಧ್ಯವಾದಾಗಲೇ ಅವನು ಯೋಚಿಸಿ ಆಡುತ್ತಾನೆ. ನಮ್ಮ ಕಡೆ ಇದಕ್ಕೆ ಅಡಿಕೆಗಿಂತ ಒಳ್ಳೆಯ ಸರಕಿಲ್ಲ. ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಕೂಡಲೇ ಮಾರಿದರೆ ಹೊಸ ಅಡಿಕೆಯ ಬೆಲೆ, ಗೋಣಿ ಕಟ್ಟಿ ಇಟ್ಟರೆ ಹಳೆಯದರ ಬೆಲೆ, ಇನ್ನೂ ಕಾದರೆ ಡಬಲ್ ಚೋಲ್ ಎಂಬ ಇನ್ನೂ ಹಳೆಯ ಅಡಿಕೆಯ ಬೆಲೆ. ಆಟದಲ್ಲಿ ಇದಕ್ಕೆ ಮೂರು ಬೈಟು ಸಾಕು: ವರ್ಷ ಕಳೆದಾಗ ಹೊಸದರ ಸಂಖ್ಯೆ ಹಳೆಯದಕ್ಕೆ, ಹಳೆಯದರದ್ದು ಡಬಲ್ ಚೋಲಿಗೆ ಸೇರುತ್ತದೆ. ಕಾಯುವುದಕ್ಕೆ ಬೆಲೆ ತೆರಬೇಕೆಂದು, ಇಟ್ಟ ಗೋಣಿಗಳಲ್ಲಿ ಒಂದು ಪಾಲು ಪ್ರತಿ ಮಳೆಗಾಲದಲ್ಲಿ ಹುಳ ಹಿಡಿದು ಕೆಳದರ್ಜೆಯದಾಗುವಂತೆ ಮಾಡಿ. ಕೈಯಲ್ಲಿ ಹಣವಿಲ್ಲದೆ ಅಕ್ಕಿ ಕೊಳ್ಳಬೇಕಾಗಿ ಬಂದಾಗ, ಅಟ್ಟದ ಅಡಿಕೆಯನ್ನು ಇಳಿಸುವುದೋ ಬಿಡುವುದೋ ಎಂಬ ಚಿಂತೆ ಆಟಗಾರನಿಗೂ ಹತ್ತುತ್ತದೆ.

ಕನ್ನಡ ಅಕ್ಷರಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ತೊಡಕು ಅದೇ. ಪರದೆಯ ಹಿನ್ನೆಲೆ 8×8 ಚುಕ್ಕೆಗಳ ಚೌಕಗಳಿಂದ ಆದದ್ದು, ಒಂದು ಸಲಕ್ಕೆ ಸಿಗುವ ಬೇರೆ ಬೇರೆ ಚೌಕಗಳು 256 ಮಾತ್ರ. ಕನ್ನಡದ ಅಂಕಿಗಳು ಒಂದು ಚೌಕದಲ್ಲಿ ಚೆನ್ನಾಗಿಯೇ ಕೂರುತ್ತವೆ; ಗುಣಿತ, ಒತ್ತಕ್ಷರ ಕೂರುವುದಿಲ್ಲ. ಅಕ್ಷರಮಾಲೆಯನ್ನು ಜೋಡಿಸುವ ಸಾಹಸ ಬಿಟ್ಟು, ಬೇಕಾದ ಪದಗಳನ್ನು ಇಡಿಯಾಗಿ ಚಿತ್ರದಂತೆ ಬರೆಯಿರಿ. ‘ಅಡಿಕೆ’ಗೆ ಉದ್ದಕ್ಕೆ 4, ಎತ್ತರಕ್ಕೆ 2, ಒಟ್ಟು 8 ಚೌಕ ಸಾಕಾಯಿತು. ‘ಕೊಬ್ಬರಿ’ಯ ಬಕಾರದ ಒತ್ತಿಗಾಗಿ ಕೆಳಗೆ ಇನ್ನೊಂದು ಸಾಲು ಬೇಕಾಯಿತು.

ಬರೆಯಲು ಸಿಸಿ65 ಎಂಬ ಉಚಿತ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಸಾಧನ), ಪರೀಕ್ಷಿಸಲು ಮೆಸೆನ್ ಎಂಬ ಎಮ್ಯುಲೇಟರ್ (ಕಂಪ್ಯೂಟರಿನಲ್ಲಿಯೇ ಆ ಯಂತ್ರದಂತೆ ನಡೆಯುವ ಪ್ರೋಗ್ರಾಮು) ಇವೆರಡಿದ್ದರೆ ಆರಂಭಿಸಬಹುದು. ನಕ್ಷೆ, ಲಾರಿ, ಸಂಗೀತ ಯಾವುದನ್ನೂ ಮುಟ್ಟುವ ಮೊದಲು, ಒಂದು ಊರಿನ 6 ಬೆಲೆಗಳು ಅಂಕಿಗಳಾಗಿ ಮಾತ್ರ ಕಾಣಿಸುವ, ಗುಂಡಿ ಒತ್ತಿದಾಗ ಒಂದು ದಿನ ಮುಂದೆ ಹೋಗುವ ಪರದೆಯೊಂದನ್ನು ಮಾಡಿ, ಒಂದು ವರ್ಷದ ಬೆಲೆಗಳನ್ನು ಕಾಗದಕ್ಕೆ ಇಳಿಸಿ ಕೃಷಿ ಬಲ್ಲ ಹಿರಿಯರಿಗೆ ತೋರಿಸಿ. ನನ್ನ ಕಾಗದವನ್ನು ಅಪ್ಪ ಚಾವಡಿಯಲ್ಲಿ ಕೂತು ಬೆರಳಿಟ್ಟು ಓದಿದರು. ಕೊಯ್ಲು ಮುಗಿದ ಮೇಲೆ ಬೆಲೆ ಏರಬೇಕೆಂದು ನಾನು ಗೇರುಬೀಜಕ್ಕೆ ಜೂನ್ ತಿಂಗಳಲ್ಲಿ 14 ಸೇರಿಸಿದ್ದೆ. “ಮಳೆ ಬಿದ್ದ ಮೇಲೆ ಬೀಜ ಕಪ್ಪಾಗುವುದಿಲ್ಲವೋ? ಕಪ್ಪು ಬೀಜಕ್ಕೆ ಯಾರು ಹೆಚ್ಚು ಕೊಡುತ್ತಾರೆ?” ಎಂದರು. ಆ 14ನ್ನು ಅಳಿಸಿ, ಅದೇ ಜಾಗದಲ್ಲಿ 18 ಕಳೆಯುವಂತೆ ಬರೆದೆ.